ಮೊಲಕ್ಕೆ ಜ್ವರ ಬಂದರೆ ಬಾಟಲಿ ಫೇಲು

ಆಸ್ಪತ್ರೆಯಿಂದ ಬಂದವರನ್ನು ನಮ್ಮೂರ ಕಡೆ ಇವತ್ತಿಗೂ ಮೊದಲು ಕೇಳುವುದು, "ಎಷ್ಟು ಬಾಟ್ಲಿ ಏರಿಸಿದ್ರು?" ಅಂತ. ಒಂದು ಅಂದರೆ ಅಂಥದ್ದೇನೂ ಇಲ್ಲ, ನಾಲ್ಕು ಅಂದರೆ ಗಂಡಾಂತರ ಕಳೆಯಿತು. ನಾನು ಹುಡುಗನಾಗಿದ್ದಾಗ ಈ ಪ್ರಶ್ನೆಗೆ ಒಂದು ಬಾಲವೂ ಇತ್ತು: "ಚಳಿ ಬಂತಾ?" ಗ್ಲೂಕೋಸ್ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಮಂಚ ಅಲ್ಲಾಡುವ ಹಾಗೆ ನಡುಕ ಹತ್ತುತ್ತಿತ್ತು. ನರ್ಸಮ್ಮ ಓಡಿಬಂದು ಸೂಜಿ ಕಿತ್ತು, ಕಂಬಳಿ ಹೊದಿಸಿ, "ರಿಯಾಕ್ಷನ್" ಅನ್ನುತ್ತಿದ್ದರು. ಆ ನಡುಕ ಮನುಷ್ಯರಿಗೆ ಬರುವ ಮೊದಲೇ ಮೊಲಗಳಲ್ಲಿ ಕಂಡುಹಿಡಿಯುವುದು ನನ್ನ ಹೊಟ್ಟೆಪಾಡಾಗಿತ್ತು ಅಂದರೆ ನೆಂಟರು ಈಗಲೂ ನಗುತ್ತಾರೆ.

1984ರಲ್ಲಿ ಬೆಂಗಳೂರಿನ ಒಂದು ಔಷಧ ಪರೀಕ್ಷಾ ಪ್ರಯೋಗಾಲಯಕ್ಕೆ ಸೇರಿದೆ. ನಮ್ಮಪ್ಪ ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್. ಹೀಗಾಗಿ ದನದ ಬಾಯಿ ತೆಗೆಸಿ ಗೊಟ್ಟದಲ್ಲಿ ಔಷಧಿ ಹಾಕುವುದು, ಎತ್ತು ಕೆಡವಿ ಕಾಲು ಕಟ್ಟುವುದು ನನಗೆ ಗೊತ್ತಿತ್ತು. ಸಂದರ್ಶನದಲ್ಲಿ ಅದನ್ನೇ ಹೇಳಿದೆ. "ಎತ್ತು ಕೆಡವೋ ಕೈಯಲ್ಲಿ ಇಲಿ ಹಿಡೀತೀಯೇನಪ್ಪ?" ಅಂತ ಡಾಕ್ಟರು ನಕ್ಕು ಕೆಲಸ ಕೊಟ್ಟರು. ಆರ್ಡರಿನಲ್ಲಿ ಟೆಕ್ನಿಷಿಯನ್ ಅಂತಿತ್ತು. ಕ್ಯಾಂಟೀನಿನಲ್ಲಿ ಮಾತ್ರ ನಾನು ಕೊನೆಯವರೆಗೂ "ಮೊಲದ ಮನೆಯವನು".

ಆಗಿನ ಅನಿಮಲ್ ಹೌಸ್ ಅಂದರೆ ಹಿತ್ತಲಲ್ಲಿ ಹೆಂಚಿನ ಮೂರು ಕೋಣೆ. ಬಿಳಿ ಇಲಿಗಳಿಗೆ ತಗಡಿನ ಪಂಜರ, ಅಡಿಗೆ ಭತ್ತದ ಹೊಟ್ಟು. ಬೆಳಿಗ್ಗೆ ಬಾಗಿಲು ತೆಗೆದರೆ ಉಚ್ಚೆಯ ಘಾಟಿಗೆ ಕಣ್ಣಲ್ಲಿ ನೀರು. ಗಿನಿಪಿಗ್‌ಗಳು ಹತ್ತುವ ಜಾತಿಯಲ್ಲ, ಹಾಗಾಗಿ ಮೊಣಕಾಲೆತ್ತರದ ಇಟ್ಟಿಗೆ ಕಟ್ಟೆಯೊಳಗೆ ನೆಲದ ಮೇಲೇ ಸಂಸಾರ. ಮನುಷ್ಯರಂತೆ ಅವಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. ಹಸಿರು ತಪ್ಪಿದರೆ ಕೀಲು ಊದಿ ಮೂಲೆ ಹಿಡಿಯುತ್ತವೆ. ದಿನಾ ಒಬ್ಬ ಸೈಕಲ್ಲಿನಲ್ಲಿ ಕುದುರೆಮಸಾಲೆ ಸೊಪ್ಪಿನ ಹೊರೆ ತರುತ್ತಿದ್ದ. ಅವನ ಬೆಲ್ಲು ಗೇಟಿನಲ್ಲಿ ಕೇಳಿದ್ದೇ ತಡ, ಎಪ್ಪತ್ತು ಗಿನಿಪಿಗ್‌ಗಳು ಒಟ್ಟಿಗೆ ಸಿಳ್ಳೆ ಹಾಕುತ್ತಿದ್ದವು. ಡೈರೆಕ್ಟರ ಕಾರಿಗೂ ಅಂಥ ಸ್ವಾಗತ ಸಿಕ್ಕಿದ್ದಿಲ್ಲ.

ಮೂರನೆಯ ಕೋಣೆ ಮೊಲಗಳದ್ದು. ಅಲ್ಲಿ ನಡೆಯುತ್ತಿದ್ದುದು ಪೈರೋಜನ್ ಪರೀಕ್ಷೆ. ನೀರನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ವಿಷ ಉಳಿಯುತ್ತದೆ. ಆ ವಿಷ ರಕ್ತಕ್ಕೆ ಸೇರಿದರೆ ಚಳಿಜ್ವರ. ಚುಚ್ಚುಮದ್ದಿನ ನಂತರದ ಜ್ವರದ ಮೂಲ ಈ ನೀರಿನಲ್ಲಿದೆ ಅಂತ 1920ರ ದಶಕದಲ್ಲಿ ಖಚಿತಪಡಿಸಿದವರು ಅಮೆರಿಕದ ಫ್ಲಾರೆನ್ಸ್ ಸೀಬರ್ಟ್. ಮೊಲದ ಪರೀಕ್ಷೆ 1942ರಲ್ಲಿ ಅಮೆರಿಕದ ಔಷಧ ಸಂಹಿತೆಗೆ ಸೇರಿತು, ಆಮೇಲೆ ನಮ್ಮದಕ್ಕೂ ಬಂತು.

ಮೂರು ಮೊಲಗಳನ್ನು ಸಾಲಾಗಿ ಪೆಟ್ಟಿಗೆಯಲ್ಲಿ ಕೂರಿಸುವುದು. ಕತ್ತಿಗೆ ಸಡಿಲವಾದ ಪಟ್ಟಿ, ತಲೆ ಹೊರಗೆ. ಗುದದಲ್ಲಿ ಥರ್ಮಾಮೀಟರ್. ಬಾಟಲಿಯ ದ್ರವವನ್ನು ಮೈಬಿಸಿಗೆ ತಂದು ಕಿವಿಯಂಚಿನ ನಾಳಕ್ಕೆ ನಿಧಾನವಾಗಿ ಬಿಡುವುದು. ಆಮೇಲೆ ಅರ್ಧರ್ಧ ಗಂಟೆಗೆ ಒಂದೊಂದು ಸಲದಂತೆ ಮೂರು ಗಂಟೆ ಉಷ್ಣಾಂಶ ಬರೆಯುವುದು. ಮೂರೂ ಮೊಲಗಳ ಏರಿಕೆ ಕೂಡಿದರೆ 1.4 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಯಾವ ಒಂದರದ್ದೂ 0.6 ಮುಟ್ಟಬಾರದು. ಮುಟ್ಟಿತೋ, ಇನ್ನೂ ಐದು ಮೊಲ. ಎಂಟರಲ್ಲೂ ಲೆಕ್ಕ ತಪ್ಪಿದರೆ ಆ ಬ್ಯಾಚಿನ ಸಾವಿರಾರು ಬಾಟಲಿ ಮೋರಿಗೆ.

ಈ ಪರೀಕ್ಷೆಯಲ್ಲಿ ಪುಸ್ತಕಕ್ಕಿಂತ ಕೈ ದೊಡ್ಡದು. ಹೆದರಿದ ಮೊಲಕ್ಕೆ ಸುಮ್ಮನೆ ಕೂತಲ್ಲೇ ಮೈ ಬಿಸಿಯಾಗುತ್ತದೆ. ಆಗ ಯಂತ್ರ ಹೇಳುವ ಜ್ವರ ಬಾಟಲಿಯದ್ದೋ ಭಯದ್ದೋ? ಇದನ್ನು ನನಗೆ ಕಲಿಸಿದವರು ಹಿರಿಯ ಅಟೆಂಡರೊಬ್ಬರು, ನಾವೆಲ್ಲ ತಾತ ಅನ್ನುತ್ತಿದ್ದೆವು. ರುಜು ಹಾಕುವಷ್ಟೇ ಅಕ್ಷರ ಬರುತ್ತಿತ್ತು ಅವರಿಗೆ. ಪರೀಕ್ಷೆಯ ದಿನ ಬೀಡಿ ಮುಟ್ಟುತ್ತಿರಲಿಲ್ಲ. ಮೊಲ ವಾಸನೆ ಹಿಡಿಯುತ್ತದೆ ಅಂತ. ಮೊಲದ ಕೋಣೆಗೆ ಚಪ್ಪಲಿ ಹಾಕಿ ಬಂದರೆ ಡಾಕ್ಟರನ್ನೂ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. "ಕೂಸು ಎತ್ಕೊಂಡಂಗೆ ಎತ್ಕೋಬೇಕು ಕಣಯ್ಯ. ಹಿಂಗಾಲಿಗೆ ಆಸರೆ ಕೊಡು. ಒದ್ಕೊಂತೋ, ಅದ್ರ ಸೊಂಟ ಅದೇ ಮುರ್ಕೊಂತದೆ."

ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಆದರೂ ಸೇರಿದ ನಾಲ್ಕನೇ ತಿಂಗಳು ಆತುರದಲ್ಲಿ ಒಂದನ್ನು ಹಾಗೇ ಎತ್ತಿದೆ. ಒದ್ದುಕೊಂಡಿತು. ಒಳಗೆ ಸಣ್ಣಗೆ ಲಟಕ್ಕಂದದ್ದು ಕೈಗೆ ಗೊತ್ತಾಯಿತು. ಮೊಲ ದನಿಯಿಲ್ಲದ ಪ್ರಾಣಿ ಅಂದುಕೊಂಡಿದ್ದೆ. ಅವತ್ತು ಅದು ಕೂಗಿದ್ದು ಥೇಟ್ ಎಳೆಮಗುವಿನ ಹಾಗೆ. ತಾತ ಏನೂ ಬೈಯದೆ ನನ್ನ ಕೈಯಿಂದ ತೆಗೆದುಕೊಂಡು ಹೊರಗೆ ಹೋದರು. ನಾನು ರಿಜಿಸ್ಟರಿನಲ್ಲಿ ಬರೆದೆ. ಅದರಲ್ಲಿ ಇದ್ದದ್ದೇ ನಾಲ್ಕು ಕಲಮು: ಬಂದದ್ದು, ಹುಟ್ಟಿದ್ದು, ಹೋದದ್ದು, ಬಾಕಿ. "ಹೋದದ್ದು" ಕೆಳಗೆ 1 ಅಂತ ಹಾಕಿದೆ. ತಿಂಗಳ ಕೊನೆಗೆ ಸಾಹೇಬರು ರುಜು ಮಾಡಿದರು. ಹೇಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಬೈಸಿಕೊಂಡಿದ್ದರೆ ಮರೆತುಬಿಡುತ್ತಿದ್ದೆನೇನೋ.

ಆ ದಿನಗಳ ಬಗ್ಗೆ "ಎಷ್ಟು ಚೆನ್ನಾಗಿತ್ತು" ಅನ್ನುವ ಹಳೆಯ ಸಹೋದ್ಯೋಗಿಗಳು ಸಿಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಲಿಗಳನ್ನು ಮುಗಿಸಲು ಈಥರ್ ಹತ್ತಿಯ ಗಾಜಿನ ಜಾಡಿ ಇರುತ್ತಿತ್ತು. ಎಷ್ಟು ಇಲಿ ಬೇಕು ಅಂತ ಚೀಟಿ ಬಂದರೆ ಅಷ್ಟು ಕೊಡುವುದು. ಹತ್ತರಲ್ಲಿ ಆಗುವುದಕ್ಕೆ ಇಪ್ಪತ್ತೇಕೆ ಅನ್ನಲು ನಾನ್ಯಾರು? ಸಂಜೆ ಮನೆಗೆ ಹೋದರೆ ಅಡುಗೆಮನೆಯಲ್ಲಿ ನನ್ನವಳು ಇಲಿಬೋನಿಗೆ ತೆಂಗಿನಚೂರು ಸಿಕ್ಕಿಸುತ್ತಿದ್ದಳು. ಬೆಳಿಗ್ಗೆ ಅದರಲ್ಲಿ ಬಿದ್ದದ್ದನ್ನು ಸಾಯಿಸಲು ನನ್ನನ್ನೇ ಕರೆಯುವಳು. "ಆಫೀಸಿನಲ್ಲಿ ಮಾಡ್ತೀರಲ್ಲ" ಅನ್ನುವಳು. ನಾನು ಬೋನು ಹಿಡಿದು ದೂರದ ಖಾಲಿ ಸೈಟಿಗೆ ಹೋಗಿ ಬಿಟ್ಟುಬರುತ್ತಿದ್ದೆ. ಅದು ನನಗಿಂತ ಮೊದಲೇ ಮನೆ ಸೇರುತ್ತಿತ್ತೋ ಏನೋ.

ಪ್ರಾಣಿಹಿಂಸೆ ತಡೆ ಕಾಯಿದೆ 1960ರದ್ದು. ಪ್ರಯೋಗದ ಪ್ರಾಣಿಗಳ ಮಾತೂ ಅದರಲ್ಲಿತ್ತು. ಆದರೆ ನಮ್ಮ ಮೂರು ಕೋಣೆಗೆ ಅದರ ಗಾಳಿ ತಾಗಿದ್ದು 1998ರ ನಿಯಮಗಳು ಬಂದ ಮೇಲೆ. ಪ್ರಾಣಿಗೃಹ ನೋಂದಾಯಿಸಬೇಕು, ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ಕೇಂದ್ರದ ಸಮಿತಿ ಕಳಿಸಿದವರೊಬ್ಬರು, ಜೊತೆಗೆ ವಿಜ್ಞಾನಿಯಲ್ಲದ ಒಬ್ಬರು ಇರಬೇಕು. ನಮ್ಮ ವಿಜ್ಞಾನಿಗಳು ಸಿಡಿಮಿಡಿಗೊಂಡರು. ಕಾಗದದ ಕಾಟ ನಿಜವಾಗಿಯೂ ಇತ್ತು. ಒಂದು ಒಪ್ಪಿಗೆಗೆ ತಿಂಗಳುಗಟ್ಟಲೆ ಕಾದದ್ದೂ ಉಂಟು.

ವಿಜ್ಞಾನಿಯಲ್ಲದ ಸದಸ್ಯೆಯಾಗಿ ನಮ್ಮಲ್ಲಿಗೆ ಬಂದವರು ನಿವೃತ್ತ ಶಾಲಾ ಮೇಡಂ. ಮೊದಲ ಸಲ ಮೊಲದ ಕೋಣೆಗೆ ಬಂದಾಗ ಚಪ್ಪಲಿಯನ್ನು ತಾವಾಗಿಯೇ ಹೊರಗೆ ಬಿಟ್ಟರು. ತಾತ ಇದ್ದಿದ್ದರೆ ಅಷ್ಟಕ್ಕೇ ಒಲಿದುಬಿಡುತ್ತಿದ್ದರು. ಪರೀಕ್ಷೆ ಮುಗಿದ ಮೇಲೂ ಈ ಮೊಲಗಳು ಬದುಕಿರುತ್ತವೆ, ವಿಶ್ರಾಂತಿ ಕೊಟ್ಟು ಮತ್ತೆ ಕೂರಿಸುತ್ತೇವೆ ಅಂತ ವಿವರಿಸಿದೆ. ಎಲ್ಲವನ್ನೂ ಕೇಳಿ ಅವರು, "ವಯಸ್ಸಾದ ಮೇಲೆ ಎಲ್ಲಿಗೆ ಹೋಗ್ತವೆ?" ಅಂದರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹದಿನಾಲ್ಕು ವರ್ಷ ನಾನು "ಹೋದದ್ದು" ಅಂತ ಬರೆದಿದ್ದೆ. ಎಲ್ಲಿಗೆ ಅನ್ನುವ ಕಲಮು ಇರಲಿಲ್ಲ. ಮುಂದಿನ ರಿಜಿಸ್ಟರಿನಲ್ಲಿ ಪ್ರತಿ ಮೊಲಕ್ಕೂ ಒಂದು ಪುಟ ಬಂತು. ಕಾರಣ ಬರೆಯಲೇಬೇಕು. ಚೀಟಿಯಲ್ಲಿ ಇಪ್ಪತ್ತು ಅಂತ ಬರುತ್ತಿದ್ದ ಇಲಿಗಳು ಲೆಕ್ಕ ತೋರಿಸಬೇಕಾದಾಗ ಹನ್ನೆರಡಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ. ಕಾಗದವನ್ನು ಬೈಯುವವರಿಗೆ ನಾನು ಹೇಳುವುದು ಇದನ್ನೇ.

ಆಮೇಲೆ ಹೊಸ ಕಟ್ಟಡವಾಯಿತು. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು, ಸ್ವಿಚ್ಚು ತಾನೇ ನೋಡಿಕೊಳ್ಳುತ್ತದೆ. ಇಲಿಗಳ ಡಬ್ಬಕ್ಕೆ ಒಂದೊಂದಕ್ಕೂ ಬೇರೆ ಬೇರೆ ಸೋಸಿದ ಗಾಳಿ. ಒಳಗೆ ಹೋಗಲು ಸ್ನಾನ, ಗೌನು, ಮಾಸ್ಕು, ಎರಡು ಗ್ಲೌಸು. ಘಾಟು ಹೋಯಿತು, ಕೆಮ್ಮುವ ಇಲಿಗಳು ಹೋದವು. ಹೊಸ ಹುಡುಗರು ಓದಿಕೊಂಡವರು. ನೋವು ಬಂದ ಇಲಿ ಕಣ್ಣು ಕಿರಿದು ಮಾಡುತ್ತದೆ ಎಂಬುದನ್ನು ಚಿತ್ರ ನೋಡಿ ಕಲಿತಿದ್ದರು. ನಾವು ಅದನ್ನು ಕಲಿತದ್ದು ಎಷ್ಟು ಇಲಿಗಳ ಖರ್ಚಿನಲ್ಲಿ ಅಂತ ನೆನೆದರೆ ಚಿತ್ರವೇ ಮೇಲು.

ಇದರ ನಡುವೆ ನನ್ನ ಮೊಲಗಳ ಕೆಲಸ ಹೋಗಿಬಿಟ್ಟಿತು. ಕಿತ್ತುಕೊಂಡದ್ದು ಒಂದು ಏಡಿ! ಕುದುರೆ ಲಾಳದ ಆಕಾರದ್ದು. ಏಡಿ ಅಂತ ಕರೆದರೂ ಜೇಡ, ಚೇಳುಗಳಿಗೆ ಹತ್ತಿರದ ನೆಂಟ. ನಮ್ಮ ದೇಶದಲ್ಲೂ ಒಡಿಶಾದ ಬಾಲೇಶ್ವರದ ಕಡಲಂಚಿನಲ್ಲಿ ಇದರ ಸಂಬಂಧಿಗಳಿವೆ. ರಕ್ತ ನೀಲಿ. ಬ್ಯಾಕ್ಟೀರಿಯಾದ ವಿಷ ತಾಗಿದರೆ ಅದು ಗಟ್ಟಿಯಾಗುತ್ತದೆ ಎಂಬುದನ್ನು ಫ್ರೆಡೆರಿಕ್ ಬ್ಯಾಂಗ್ ಮತ್ತು ಜ್ಯಾಕ್ ಲೆವಿನ್ ಬಯಲಿಗೆ ತಂದರು. ಆ ರಕ್ತಕಣಗಳ ಪುಡಿಗೆ ಬಾಟಲಿಯ ನೀರು ಸೇರಿಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಟ್ಯೂಬನ್ನು ತಲೆಕೆಳಗೆ ಮಾಡುವುದು. ಹೆಪ್ಪುಗಟ್ಟಿ ನಿಂತರೆ ಫೇಲು, ಜಾರಿದರೆ ಪಾಸು. ಮೊಲ ಬೇಡ, ಭಯ ಬೇಡ, ಬೀಡಿ ಬಿಡಬೇಕಾಗಿಲ್ಲ.

ಏಡಿಗಳ ರಕ್ತ ತೆಗೆದು ಕಡಲಿಗೆ ಬಿಡುತ್ತಾರಂತೆ, ಬಿಟ್ಟವುಗಳಲ್ಲಿ ಕೆಲವು ಸಾಯುತ್ತವೆ. ಮೊಲದ ಹೊರೆ ಏಡಿಯ ಬೆನ್ನಿಗೆ ಹೋಯಿತು ಅಂದುಕೊಂಡಿದ್ದೆ. ಈಗ ಏಡಿಯೂ ಬೇಡದಂತೆ ವಿಷವನ್ನು ಗುರುತಿಸುವ ಅದರ ರಕ್ತದ ಪ್ರೋಟೀನನ್ನು ಪ್ರಯೋಗಾಲಯದಲ್ಲೇ ತಯಾರಿಸುತ್ತಾರೆ. ಬೇರೆ ಬಗೆಯ ಜ್ವರಕಾರಕಗಳು ಏಡಿಯ ರಕ್ತಕ್ಕೆ ತಿಳಿಯುವುದಿಲ್ಲ, ಅದಕ್ಕೆ ಮನುಷ್ಯರ ರಕ್ತಕಣದ ಪರೀಕ್ಷೆ ಇದೆ. ಯುರೋಪಿನ ಔಷಧ ಸಂಹಿತೆಯವರು ಐದು ವರ್ಷದೊಳಗೆ ಮೊಲದ ಪರೀಕ್ಷೆಯನ್ನು ಪೂರ್ತಿ ಕೈಬಿಡುವುದಾಗಿ 2021ರಲ್ಲಿ ತೀರ್ಮಾನಿಸಿದರು.

ನಮ್ಮಲ್ಲಿ ಕೊನೆಗೆ ಹನ್ನೊಂದು ಮೊಲ ಉಳಿದಿದ್ದವು. ಮೇಡಂ ಅಷ್ಟಕ್ಕೂ ಜಾಗ ಹುಡುಕಿಸಿದರು. ಹನ್ನೊಂದು ಪುಟಗಳಲ್ಲೂ "ಎಲ್ಲಿಗೆ" ಎಂಬುದನ್ನು ನನ್ನ ಕೈಯಾರೆ ತುಂಬಿದೆ.

2022ರಲ್ಲಿ ನಿವೃತ್ತನಾದೆ. ಹೋದ ವರ್ಷ ಪಿಂಚಣಿ ಕಾಗದಕ್ಕೆಂದು ಹೋದಾಗ ಹಳೆಯ ಮೊಲದ ಕೋಣೆಗೆ ಇಣುಕಿದೆ. ಅಲ್ಲೀಗ ಪರೀಕ್ಷೆಯ ಪುಡಿ ಇಡುವ ಫ್ರಿಜ್ಜು ಇದೆ. ಬಾಗಿಲಿಗೆ ಒಂದು ರಿಜಿಸ್ಟರ್ ತೂಗುಹಾಕಿದ್ದಾರೆ. ದಿನಕ್ಕೆರಡು ಸಲ ಉಷ್ಣಾಂಶ ಬರೆದು ರುಜು ಹಾಕುತ್ತಾರೆ, ಫ್ರಿಜ್ಜಿನದ್ದು.