ಗುಂಯ್‌ಗುಡುವ ಗಿಟಾರು

ಕಡೂರು, ತರೀಕೆರೆ, ಅಜ್ಜಂಪುರದ ಗಣಪತಿ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರಿಗಿಂತ ಮೊದಲೇ ಹಾಡು ಶುರುಮಾಡುವುದು ಕರೆಂಟು. ಸೆಕೆಂಡಿಗೆ 50 ಸಲ ಹೋಗಿಬರುವ ಅದಕ್ಕೆ ಗೊತ್ತಿರುವುದು ಒಂದೇ ರಾಗ: ‘ಗುಂಯ್’. ಗಿಟಾರಿನ ಹುಡುಗ ದನಿ ಬದಲಿಸುವ ಎಂಟು ಪೆಡಲುಗಳನ್ನು ಒಂದೇ ಅಗ್ಗದ ಅಡಾಪ್ಟರಿಗೆ ಪೋಣಿಸಿದ್ದರಂತೂ ಒಂದರ ಗದ್ದಲ ಎಲ್ಲಕ್ಕೂ ಅಂಟುತ್ತದೆ.

ಆಗ ಯಾರೋ ಅನುಭವಸ್ಥರು ಪ್ಲಗ್ಗಿನ ಅರ್ಥಿಂಗ್ ವೈರನ್ನೇ ಕಿತ್ತುಬಿಡುತ್ತಾರೆ. ಗುಂಯ್ ನಿಂತರೂ ನಿಂತೀತು. ಆಂಪ್ಲಿಫೈಯರಿನಲ್ಲಿ ಕರೆಂಟು ಸೋರಿದರೆ ಮಾತ್ರ ತಂತಿ ಮುಟ್ಟಿದ ಹುಡುಗನ ಜೀವಕ್ಕೇ ಸಂಚಕಾರ!

ಮದ್ದು ಬೇರೆಯೇ ಇದೆ. ಪ್ರತಿ ಪೆಡಲಿಗೂ ಅದಕ್ಕೆ ಬೇಕಾದ ವೋಲ್ಟನ್ನು, ಸಾಮಾನ್ಯವಾಗಿ 9, ಬೇರೆಬೇರೆಯಾಗಿ ಕೊಡುವ ಪವರ್ ಸಪ್ಲೈ. ಪೆಡಲು ಕೇಳುವುದಕ್ಕಿಂತ ತುಸು ಹೆಚ್ಚೇ ಮಿಲಿ ಆಂಪಿಯರ್. ಹಾಡಿನ ವೈರಿನಿಂದ ದೂರವಿರುವ ಕರೆಂಟಿನ ವೈರು. ಪೆಡಲಿಗೂ ಆಂಪ್ಲಿಫೈಯರಿಗೂ ಒಂದೇ ಸ್ವಿಚ್ ಬೋರ್ಡು.

ಮಗನ ಗಿಟಾರನ್ನು ಗದರುವ ಮುನ್ನ ಅಪ್ಪಂದಿರು ಪ್ಲಗ್ಗಿನ ಮೂರನೇ ಪಿನ್ನು ಇದೆಯೇ ಎಂದು ನೋಡಲಿ.