ತೇಲಿಹೋದ ಕರೆಂಟು

2010ರಲ್ಲಿ ಮಂಗಳೂರಿನ ತಣ್ಣೀರುಬಾವಿಗೆ ಹೋಗಿದ್ದೆ. ಗುರುಪುರ ನದಿಯಲ್ಲಿ ಬಾರ್ಜ್ ಮೇಲೆ ಕಟ್ಟಿದ್ದ 220 ಮೆಗಾವಾಟ್‌ನ ವಿದ್ಯುತ್ ಸ್ಥಾವರವನ್ನು ಕಳಚುತ್ತಿದ್ದರು. ಅದು ಶುರುವಾಗಿದ್ದು 2001ರಲ್ಲಿ. ವಿಮಾನದ ಎಂಜಿನ್‌ನಿಂದ ರೂಪಿಸಿದ ಟರ್ಬೈನುಗಳು, ಉರುವಲು ನಾಫ್ತಾ. ಕಚ್ಚಾತೈಲದ ಬೆಲೆ ಏರಿದಂತೆ ಅದರ ಕರೆಂಟೂ ದುಬಾರಿಯಾಯಿತು. ಏಳು ವರ್ಷಗಳ ಖರೀದಿ ಒಪ್ಪಂದ 2008ರಲ್ಲಿ ಮುಗಿಯಿತು.

ಕಬ್ಬಿಣ ಕತ್ತರಿಸುವ ಕೆಲಸಕ್ಕೆ ನಮ್ಮ ಕಲಘಟಗಿಯ ಹುಡುಗನೊಬ್ಬ ಬಂದಿದ್ದ, ದೂರದ ಸಂಬಂಧಿ. ಕಣ್ಣಿಗೆ ಕಪ್ಪು ಕನ್ನಡಕ, ಅಂಗೈ ತುಂಬ ಸುಟ್ಟ ಕಲೆ. ಊಟದ ಹೊತ್ತಿಗೆ ಕೇಳಿದ: "ಭಾಯಿಜಾನ್, ಈ ಕರೆಂಟು ನಮ್ಮೂರಿಗೂ ಬರ್ತಿತ್ತೇನ್ರಿ?"

ಅವನ ಅಬ್ಬಾ ಪಂಪ್‌ಸೆಟ್ ಚಾಲೂ ಮಾಡಲು ನಡುರಾತ್ರಿ ಹೊಲಕ್ಕೆ ಹೋಗುತ್ತಿದ್ದರು. ತ್ರೀ ಫೇಸ್ ಬರುತ್ತಿದ್ದುದೇ ಆಗ. ಟಾರ್ಚು, ಕೋಲು, ಹಾವಿನ ಭಯ. ಮನೆಯಲ್ಲಿ ಅಮ್ಮಿ ಅವರು ಬರುವತನಕ ನಿದ್ದೆ ಮಾಡುತ್ತಿರಲಿಲ್ಲ.

ಏನು ಹೇಳಲಿ? ರಾಜ್ಯದ ತಂತಿಗಳೆಲ್ಲ ಒಂದೇ ಜಾಲ. ಕೆರೆಗೆ ಸೇರಿದ ನೀರಿನಲ್ಲಿ ಯಾವ ಹಳ್ಳದ್ದು ಯಾವುದೆಂದು ಗುರುತಿಸಲಾಗದು. ಆದರೆ ತೂಬು ಯಾವಾಗ, ಯಾರ ಹೊಲಕ್ಕೆ ತೆರೆಯಬೇಕೆಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. "ಬರ್ತಿತ್ತು, ರಾತ್ರಿ ಹೊತ್ತು" ಎಂದೆ. ಅವನು ನಕ್ಕ.

ಆ ಸ್ಥಾವರ ಸಮುದ್ರ ದಾಟಿ ಆಂಧ್ರದ ಕಾಕಿನಾಡ ಸೇರಿತು. ನಾಫ್ತಾ ಬಿಟ್ಟು ನೈಸರ್ಗಿಕ ಅನಿಲದಿಂದ ಉರಿಯಲು ಅದನ್ನು ಸಜ್ಜುಗೊಳಿಸಿದರು. ಯಂತ್ರಕ್ಕೆ ಹೊಸ ಊರು, ಹೊಸ ಅನ್ನ ಎರಡೂ ಸಿಕ್ಕವು. ಅದನ್ನು ಬಿಚ್ಚಿಕೊಟ್ಟ ಹುಡುಗನ ಕೆಲಸ ಮಾತ್ರ ಕೊನೆಯ ಬೋಲ್ಟಿನ ಜೊತೆಗೇ ಮುಗಿಯಿತು.