ಬಾವುಟಗುಡ್ಡೆಯ ಇಳಿಜಾರು
ಮಂಗಳೂರು ಏರುತಗ್ಗುಗಳ ನಗರ. 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿರುವ ಬಾವುಟಗುಡ್ಡೆಗೆ ಹಂಪನಕಟ್ಟೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಏರುವವನಿಗೆ ಕೈನೋವಿನ ಅರಿವಾಗದು. ಇಳಿಯುವಾಗಲೇ ಅದು ತಲೆಯೆತ್ತುವುದು. ಹ್ಯಾಂಡಲ್ ತಗ್ಗಾಗಿ ಮುಂದಕ್ಕೆ ಚಾಚಿದ್ದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಬ್ರೇಕು ಹಿಡಿದೊಡನೆ ಮತ್ತಷ್ಟು. ಜನದಟ್ಟಣೆಯಲ್ಲಿ ಕ್ಲಚ್ಚನ್ನು ಹಿಡಿದು ಬಿಡುವ ಎಡಗೈಯ ಪಾಡಂತೂ ಹೇಳತೀರದು. ನಡುವಯಸ್ಸಿನ ಗೃಹಸ್ಥನು ಗಾಡಿಯನ್ನೇ ಮಾರಿಬಿಡೋಣವೆಂದು ಯೋಚಿಸುವುದು ಇಂಥ ಹೊತ್ತಿನಲ್ಲಿ.

ಮಾರುವ ಮುನ್ನ ಸ್ಪ್ಯಾನರು ಹಿಡಿಯುವುದು ಲೇಸು. ಹ್ಯಾಂಡಲಿನ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ತುಸು ಸವಾರನೆಡೆಗೆ ತಿರುಗಿಸಿ, ಮಣಿಕಟ್ಟು ಮುಂಗೈಯ ನೇರಕ್ಕೆ ಬರುವಂತೆ ಕ್ಲಚ್ಚು, ಬ್ರೇಕುಗಳ ಹಿಡಿಗಳನ್ನು ಹೊಂದಿಸಿದರೆ ಎಷ್ಟೋ ಮಂದಿಗೆ ಅಷ್ಟೇ ಸಾಕು. ಸಾಲದಿದ್ದರೆ ಎತ್ತರವಾದ, ಹಿಂದಕ್ಕೆ ಬಾಗಿದ ಹ್ಯಾಂಡಲನ್ನು ಆರಿಸಬೇಕು. 1960ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾದ ಮೇಲೆ ಸವಾರರು ನೆಟ್ಟಗೆ ಕೂಡುತ್ತಿದ್ದರಷ್ಟೆ! ಮೊಣಕೈ ಕೊಂಚ ಮಡಿಚಿರಬೇಕು, ಭುಜ ಸಡಿಲವಾಗಿರಬೇಕು. ಹ್ಯಾಂಡಲ್ ಅತಿ ಎತ್ತರವಾದರೆ ನೋವು ಭುಜಕ್ಕೆ ವರ್ಗವಾಗುತ್ತದೆ. ಪಣಂಬೂರಿನ ಹೆದ್ದಾರಿಯಲ್ಲಿ ಗಾಳಿ ಎದೆಗೆ ಬಡಿದು ತೋಳುಗಳನ್ನು ಜಗ್ಗುತ್ತದೆ. ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಕೇಬಲ್ಲುಗಳು, ಬ್ರೇಕಿನ ಕೊಳವೆ ಬಿಗಿಯಬಾರದು. ಹ್ಯಾಂಡಲ್ ಪೆಟ್ರೋಲ್ ಟ್ಯಾಂಕಿಗೆ ತಾಗಲೂ ಬಾರದು.

ಬೋಲ್ಟು ಬಿಗಿದ ಬಳಿಕ ಅದೇ ಬಾವುಟಗುಡ್ಡೆಯನ್ನು ಮತ್ತೊಮ್ಮೆ ಇಳಿದು ನೋಡಬಹುದು. ಆಗಲೂ ಬೆರಳುಗಳು ಜೋಮು ಹಿಡಿದರೆ ಹೋಗಬೇಕಾದದ್ದು ವೈದ್ಯರಲ್ಲಿಗೆ.